ಕಾಗೆ ಎಂಜಲು

ವರದಿ ಬಂದದ್ದು ಹರಾಜಿನ ದಿನ.
ಉಂಡೆ ಕೊಬ್ಬರಿಯ ಚೀಲಗಳ ನಡುವೆ ನಿಂತು
ಫೋನಿನಲ್ಲಿ ಓದಿದೆ: ಪ್ರತಿಕಾಯ ಇದೆ.
ನೂರರವತ್ತು ಪಟ್ಟು ತೆಳುವಾಗಿಸಿದರೂ ಇದೆ.
ಆದ್ದರಿಂದ ಪಂಚಾಕ್ಷರಿ ಎಂಬ ನಾನು,
ವಯಸ್ಸು ನಲವತ್ತೆರಡು, ಅರಸೀಕೆರೆ,
ಎಡ ಮೊಣಕಾಲು ಮಡಿಸಲು ಬಾರದವನು,
ಅನರ್ಹ.

ಮುಂದಿನ ಲಾಟು ಎಂದು ಯಾರೋ ಕೂಗಿದರು.
ದರ ಬರೆದುಕೊಂಡೆ.

ಡಾಕ್ಟರಮ್ಮ ಮೊದಲೇ ಬಿಡಿಸಿ ಹೇಳಿದ್ದರು:
ಒಂದು ವೈರಸ್ಸು, ಯಾರಿಗೂ ಕೇಡು ಮಾಡದ್ದು.
ಒಳಗಿನದನ್ನೆಲ್ಲ ಕೆರೆದು ತೆಗೆದು
ಬರೀ ಚಿಪ್ಪು ಉಳಿಸಿಕೊಂಡು
ಅದರೊಳಗೆ ನಿಮ್ಮಲ್ಲಿ ತಪ್ಪಿಹೋದ ಒಂದು ಸಾಲು ಇಟ್ಟು
ರಕ್ತಕ್ಕೆ ಬಿಡುತ್ತೇವೆ.
ಲಿವರಿನ ಬಾಗಿಲು ದಾಟಿದರೆ ಸಾಕು,
ರಕ್ತ ಹೆಪ್ಪುಗಟ್ಟಿಸುವುದನ್ನು ಲಿವರು ಕಲಿತುಕೊಳ್ಳುತ್ತದೆ.
ಚಿಪ್ಪೆಂದರೆ ಏನೆಂದು ನನಗೆ ಬೇರೆ ಹೇಳಬೇಕೆ,
ಇಪ್ಪತ್ತು ವರ್ಷ ಕಾಯಿ ಕುಲುಕಿ ಕಿವಿಗಿಟ್ಟು
ಒಳಗಿನ ಸದ್ದಿಗೆ ಬೆಲೆ ಬರೆದವನಿಗೆ.

ಆದರೆ ಆ ಚಿಪ್ಪಿನ ಗುರುತು ನನ್ನ ರಕ್ತಕ್ಕೆ ಮೊದಲೇ ಇದೆಯಂತೆ.
ಎಂದೋ ಚಿಕ್ಕಂದಿನಲ್ಲಿ
ಯಾವುದೋ ನೆಗಡಿಯ ಬೆನ್ನಿಗಂಟಿ
ಸದ್ದಿಲ್ಲದೆ ಬಂದು ಹೋಗಿತ್ತಂತೆ,
ತಿರುಳಿದ್ದ ಅಸಲಿ ಕಾಯಿ.
ನನಗೆ ನೆನಪಿಲ್ಲ.
ನೆನಪಿಲ್ಲವೆಂದರೆ ಕೇಳುವವರು ಯಾರು,
ಒಳಗಿನ ಗುಮಾಸ್ತ ಬರೆದಿಟ್ಟಿದ್ದಾನೆ.

ಯಾವ ನೆಗಡಿ? ರಾತ್ರಿ ಮಲಗಿ ಹುಡುಕಿದೆ.
ಮೂರನೇ ಕ್ಲಾಸು. ಎಲ್ಲರೂ ಬಯಲಿಗೆ ಓಡಿದ ಮೇಲೆ
ಬೆಂಚಿನ ಮೇಲೆ ನಾನೊಬ್ಬ.
ಇವನನ್ನ ಮುಟ್ಟಬೇಡ್ರೋ, ರಕ್ತ ಬಂದ್ರೆ ನಿಲ್ಲಲ್ಲ
ಎಂದು ಮೇಷ್ಟ್ರೇ ಹೇಳಿಬಿಟ್ಟಿದ್ದರು.
ಮುನೀರ ಮಾತ್ರ ವಾಪಸು ಬಂದ, ಮೂಗು ಸುರಿಸಿಕೊಂಡು.
ಸೀಬೆಕಾಯನ್ನು ಅಂಗಿಯ ತುದಿಯಲ್ಲಿ ಸುತ್ತಿ
ಕಾಗೆ ಎಂಜಲು ಮಾಡಿ
ಅರ್ಧ ಕೊಟ್ಟ.
ಬಟ್ಟೆ ಅಡ್ಡವಿದ್ದರೆ ಎಂಜಲಲ್ಲ, ಅದು ನಮ್ಮ ಕಾನೂನು.
ಆ ಕಾನೂನು ವೈರಸ್ಸಿಗೆ ಗೊತ್ತಿರಲಿಲ್ಲ.

ಪುರಾವೆ ಇಲ್ಲ. ಬೇರೆ ಯಾರಿಂದಲಾದರೂ ಬಂದಿರಬಹುದು.
ಆದರೆ ಬೇರೆ ಯಾರೂ ಅಷ್ಟು ಹತ್ತಿರ ಬಂದಿರಲಿಲ್ಲ.

ಅಕ್ಕನ ಮಗ ಮನ್ವಿತನಿಗೆ ಸಿಕ್ಕಿತು.
ಅಮ್ಮನಿಂದ ನನಗೆ ಬಂದದ್ದೇ
ಅಕ್ಕನ ಕೈ ದಾಟಿ ಅವನಿಗೂ ಬಂದದ್ದು, ಅದೇ ಕೊರತೆ;
ಅವನ ಪುಸ್ತಕದಲ್ಲಿ ಮಾತ್ರ ಆ ಹಾಳೆ ಖಾಲಿ.
ಒಂದೇ ಒಂದು ಡ್ರಿಪ್ಪು, ಒಂದೂವರೆ ಗಂಟೆ.
ಅಕ್ಕ ಫೋನು ಮಾಡಿ ಅತ್ತಳು. ನಾನೂ ಅತ್ತೆ,
ನನ್ನದರಲ್ಲಿ ಒಂದು ಪಾಲು ಹೊಟ್ಟೆಕಿಚ್ಚು. ಇರಲಿ.

ಆರನೇ ವಾರ ಲಿವರಿನ ಅಂಕಿ ಏರಿತು.
ಚಿಪ್ಪಿನ ಚೂರು ಕಂಡ ಮನೆಮನೆಗೆ
ಅವನ ಕಾವಲಿನವರು ನುಗ್ಗಿ
ಈಗಷ್ಟೇ ಕೆಲಸ ಕಲಿತ ಕೋಶಗಳನ್ನು
ಕಳ್ಳರಿಗೆ ಜಾಗ ಕೊಟ್ಟವರೆಂದು ಹೊಡೆಯತೊಡಗಿದ್ದರು.
ಸ್ಟೆರಾಯ್ಡು ಕೊಟ್ಟರು. ಹುಡುಗನ ಮುಖ ಊದಿತು.
ಉಂಡೆ ಕೊಬ್ಬರಿ ಎಂದೆ, ನಕ್ಕ.
ಶೇಕಡಾ ಮೂವತ್ತೆಂಟು ಇದ್ದದ್ದು
ಇಪ್ಪತ್ತೊಂದಕ್ಕೆ ಇಳಿದು ನಿಂತಿದೆ.
ನಿಂತಿದೆ, ಇವತ್ತಿನವರೆಗೆ.
ಇನ್ನೊಮ್ಮೆ ಕೊಡುವಂತಿಲ್ಲ: ಈಗ ಅವನ ರಕ್ತವೂ
ಚಿಪ್ಪನ್ನು ಬರೆದುಕೊಂಡಿದೆ,
ನನ್ನದಕ್ಕಿಂತ ದಪ್ಪ ಅಕ್ಷರದಲ್ಲಿ.

ಮೊನ್ನೆ ಬಂದಿದ್ದ. ಎಳನೀರು ಕೆತ್ತಲು ಮಚ್ಚು ಹಿಡಿದ,
ನನ್ನ ಕೈಗೆ ಅಮ್ಮ ಎಂದೂ ಕೊಡದ ಮಚ್ಚು.
ಹೆಬ್ಬೆರಳು ಗೀರಿಕೊಂಡ.
ನಾನು ಗಡಿಯಾರ ನೋಡಿದೆ, ಅಭ್ಯಾಸ.
ಆರು ನಿಮಿಷ.
ಅವನು ನೋಡಲೂ ಇಲ್ಲ, ಗಂಜಿ ಕೆರೆಯುತ್ತ ಕೂತಿದ್ದ.

ಸಂಜೆ ರೈಲ್ವೆ ಗೇಟಿನ ಹತ್ತಿರ
ಮುನೀರನ ಪಂಚರು ಅಂಗಡಿಗೆ ಹೋದೆ.
ನಿನ್ನ ಎಂಜಲು ಇನ್ನೂ ನನ್ನೊಳಗಿದೆ ಕಣೋ ಎಂದೆ,
ಸೀಬೆಕಾಯಿಯ ಕತೆ ಹೇಳಿದೆ.
ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು
ತಲೆ ಎತ್ತದೆ ಅಂದ: ಸೀಬೆಕಾಯಿ ಎಲ್ಲಿತ್ತೋ,
ಅದು ಮಾವಿನಕಾಯಿ. ಉಪ್ಪು ತಂದಿದ್ದು ನೀನು.

ಇರಬಹುದು.
ಒಳಗಿನ ಗುಮಾಸ್ತನನ್ನೇ ಕೇಳಬೇಕು,
ಅವನು ಹಣ್ಣಿನ ಹೆಸರು ಬರೆದಿಟ್ಟಿಲ್ಲ.